ಹಾಲರನ ಲಂಡನ್ ನದೀದೃಶ್ಯ

ಸಾಮಾನ್ಯರು ವರ್ಣಸಂಪತ್ತಿಗೆ ಮನಸೋಲುವರು, ಆಚಾರ್ಯರಾದರೋ ರೇಖೆಯನ್ನೇ ಕೊಂಡಾಡುವರು ಎಂಬುದು ವಿಷ್ಣುಧರ್ಮೋತ್ತರದ ಚಿತ್ರಸೂತ್ರದ ಮತ. ಇದಕ್ಕೆ ಪಶ್ಚಿಮದೇಶದ ನಿದರ್ಶನವನ್ನು ಬಯಸುವ ಸಹೃದಯರು, 1647ರಲ್ಲಿ ಪ್ರಕಟವಾದ ವೆನ್ಸೆಸ್ಲಾಸ್ ಹಾಲರನ ಲಂಡನ್ ನಗರದ ದೀರ್ಘದೃಶ್ಯವನ್ನು ಅವಲೋಕಿಸಬೇಕು.

ಹಾಲರನು 1607ರಲ್ಲಿ ಪ್ರಾಗ್ ಪಟ್ಟಣದಲ್ಲಿ ಜನಿಸಿದವನು. ಅರಂಡೆಲ್ ಪ್ರಭುವಿನ ಆಶ್ರಯದಲ್ಲಿ ಇಂಗ್ಲೆಂಡಿಗೆ ಬಂದು, ಅಲ್ಲಿ ಅಂತರ್ಯುದ್ಧವು ಹಬ್ಬಲು ಆಂಟ್‌ವರ್ಪಿಗೆ ತೆರಳಿದನು. ಸೌತ್‌ವರ್ಕಿನ ಚರ್ಚಿನ ಗೋಪುರದಿಂದ ಹಿಂದೆ ಬರೆದಿಟ್ಟುಕೊಂಡಿದ್ದ ಚಿತ್ರಗಳ ಆಧಾರದಿಂದ ಈ ಕೃತಿಯನ್ನು ಆ ಪರಸ್ಥಳದಲ್ಲಿ ರಚಿಸಿದನು. ಮೇಣ ಲೇಪಿಸಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿ, ಗೀಚಿದೆಡೆಯನ್ನು ಆಮ್ಲದಿಂದ ತಿನ್ನಿಸಿ, ಆ ಗೀರುಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತುವುದು ಈ ಕಲೆಯ ಕ್ರಮ. ಅಚ್ಚಿನಲ್ಲಿ ಎಡಬಲಗಳು ಮಗುಚುವುದರಿಂದ, ತಗಡಿನಲ್ಲಿ ಊರನ್ನೆಲ್ಲ ತಿರುವುಮುರುವಾಗಿಯೇ ಕೊರೆಯಬೇಕು.

ಚಿತ್ರದ ಜೀವವಿರುವುದು ಥೇಮ್ಸ್ ನದಿಯಲ್ಲಿ. ಮುಂಭಾಗದ ಮನೆಗಳ ಮಾಡುಗಳಾಚೆ ನದಿಯು ವಿಶಾಲವಾಗಿ ಬಾಗಿ ಹರಿಯುತ್ತದೆ. ಬಿಳಿಯ ಕಾಗದವೇ ನೀರಿನ ಹೊಳಪಾಗಿದೆ. ಸೇತುವೆಯ ಪಶ್ಚಿಮಕ್ಕೆ ಸಣ್ಣ ದೋಣಿಗಳು, ಪೂರ್ವಕ್ಕೆ ಕೂವೆಮರಗಳೆತ್ತಿದ ಹಡಗುಗಳು. ಅಂದು ನಗರಕ್ಕಿದ್ದುದು ಮನೆಗಳನ್ನು ಹೊತ್ತ ಆ ಒಂದೇ ಸೇತುವೆ; ನದಿಯನ್ನು ದಾಟಲು ಜನರು ಅಂಬಿಗರನ್ನೂ ಆಶ್ರಯಿಸುತ್ತಿದ್ದರು. ಆದಕಾರಣ ಈ ದೋಣಿಗಳು ಚಿತ್ರಕ್ಕೆ ತೊಡಿಸಿದ ಒಡವೆಗಳಲ್ಲ, ನಗರದ ನಡೆಯೇ ಆಗಿವೆ.

ಕೃತಿಯು ನಿರ್ದುಷ್ಟವೇನೂ ಅಲ್ಲ. ಗ್ಲೋಬ್ ನಾಟಕಶಾಲೆಯ ಹೆಸರು ಕರಡಿಕಾಳಗದ ಮನೆಗೂ, ಅದರ ಹೆಸರು ಗ್ಲೋಬಿಗೂ ಅದಲುಬದಲಾಗಿ ಬಿದ್ದಿವೆ. ಆದರೆ ತಪ್ಪಿರುವುದು ಅಕ್ಷರವೇ ಹೊರತು ರೇಖೆಯಲ್ಲ. ಇದು ಬರಿಯ ಭೂಮಾಪಕನ ಕೆಲಸ, ಇದರಲ್ಲಿ ರಸವೆಲ್ಲಿ ಎಂಬ ಆಕ್ಷೇಪವು ಇದಕ್ಕಿಂತ ಗುರುತರವಾದುದು.

ಆ ಆಕ್ಷೇಪಕ್ಕೆ ಹಾಲರನ ಮತ್ತೊಂದು ಕೃತಿಯೇ ಸಮಾಧಾನವನ್ನು ಹೇಳುತ್ತದೆ. 1666ರ ಮಹಾಗ್ನಿಯಲ್ಲಿ ಸಂತ ಪಾಲರ ಹಳೆಯ ದೇವಾಲಯವೂ ನಗರದ ಬಹುಭಾಗವೂ ದಗ್ಧವಾದುವು. ಆಗ ಇಂಗ್ಲೆಂಡಿಗೆ ಮರಳಿದ್ದ ಹಾಲರನು ಸೌತ್‌ವರ್ಕಿನ ಅದೇ ಗೋಪುರದಿಂದ ಕಂಡಂತೆ, ಬೆಂಕಿಗೆ ಮುಂಚಿನ ಲಂಡನ್ನನ್ನು ಮೇಲೆಯೂ ಅನಂತರದ ಲಂಡನ್ನನ್ನು ಕೆಳಗೆಯೂ ನಿರೂಪಿಸಿದನು. ಎರಡರಲ್ಲಿಯೂ ಕೈಯೊಂದೇ, ನಿಷ್ಠೆಯೊಂದೇ. ಕೆಳಗಿನದರಲ್ಲಿ ಮಾತ್ರ ಮಾಡುಗಳಿಲ್ಲದ ಗೋಡೆಗಳು. ವಿಲಾಪದ ಗೆರೆ ಒಂದೂ ಇಲ್ಲ. ಅದನ್ನು ಕಂಡು 1647ರ ದೃಶ್ಯಕ್ಕೆ ಹಿಂದಿರುಗಿದವನಿಗೆ ಅಲ್ಲಿನ ಒಂದೊಂದು ಕಿಟಕಿಯೂ ಕರುಣಕ್ಕೆ ವಿಭಾವವಾಗುವುದು. ಯಥಾರ್ಥವನ್ನು ಪ್ರೀತಿಯಿಂದ ಬರೆದವನಿಗೆ ರಸವು ತಾನಾಗಿಯೇ ಒದಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?