ಎರಡು ಟ್ರ್ಯಾಕ್ಟರ್, ಒಂದು ಇಂಜಿನ್

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಸೀಮೆಯಲ್ಲಿ ಕೇಜ್ ವೀಲ್ ಹಾಕಿ ಭತ್ತದ ಕೆಸರು ತುಳಿಯುವ ಟ್ರ್ಯಾಕ್ಟರಿನ ಇಂಜಿನ್ ಕೈಕೊಟ್ಟರೆ ಹೊಸದಕ್ಕೆ ರೊಕ್ಕ ಎಲ್ಲಿಂದ? ಅದಕ್ಕೊಂದು ಜಾಣ ಲೆಕ್ಕವಿದೆ. ಅದೇ ಮಾಡೆಲ್ಲಿನ, ಗೇರ್‌ಬಾಕ್ಸ್ ಒಡೆದು ಮೂಲೆ ಸೇರಿದ ಗಾಡಿ ಕೊಳ್ಳುವುದು, ಇಂಜಿನ್ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಚ್ಚಿ ಮಾರುವುದು. ಸ್ಪೋರ್ಟ್ಸ್ ಕಾರಿನ ಹುಚ್ಚರು ಪರದೇಶದಲ್ಲಿ ಮಾಡುವುದೂ ಇದನ್ನೇ. ಅವರಿಗದು ಶೋಕಿ, ಇಲ್ಲಿ ನಾಟಿಯ ಅವಸರ.

ನನ್ನ ಮೆಚ್ಚುಗೆ ಬಿಚ್ಚುವ ಮೇಸ್ತ್ರಿಗೆ. ಮ್ಯಾಸಿ ಫರ್ಗ್ಯೂಸನ್ 1035ರಂಥ ಗಾಡಿಗೆ ಕಾರಿನ ಹಾಗೆ ಬೇರೆ ಚಾಸಿ ಇರುವುದಿಲ್ಲ, ಇಂಜಿನ್ನೇ ಅದರ ಬೆನ್ನೆಲುಬು. ಅದನ್ನು ತೆಗೆಯಬೇಕೆಂದರೆ ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಬೇಕು. ಮುಂದಿನ ಆ್ಯಕ್ಸಲ್ ನಡುವಿನ ಪಿನ್ನಿನ ಮೇಲೆ ಓಲಾಡುತ್ತದೆ. ಹಾಗಾಗಿ ಮೊದಲು ಎರಡೂ ಕಡೆ ಕಟ್ಟಿಗೆಯ ಬೆಣೆ ಬಡಿಯಬೇಕು, ಇಲ್ಲವಾದರೆ ಮುಂಭಾಗ ಮಗುಚುತ್ತದೆ. ಜೋಡಿಸುವುದು ಇನ್ನೂ ನಾಜೂಕು: ಗೇರ್‌ಬಾಕ್ಸಿನ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನೊಳಗೆ ತಾನಾಗಿ ಕೂರಬೇಕು. ಫ್ಲೈವೀಲನ್ನು ಕೊಂಚ ತಿರುಗಿಸಿ ಕಾಯಬೇಕೇ ಹೊರತು ಬೋಲ್ಟು ಬಿಗಿದು ಎಳೆದರೆ ಪ್ಲೇಟು ಹಾಳು.

ಮಾರಾಟದಲ್ಲಿ ದೊಡ್ಡ ಟೈರು, ಹೈಡ್ರಾಲಿಕ್ ಪಂಪು, ಸ್ಟಿಯರಿಂಗ್ ಬಾಕ್ಸಿಗೆ ಬೇಗ ಗಿರಾಕಿ. ಲಿಂಗಸುಗೂರಿನವರಿಗೆ ರಿಮ್ಮು, ಮಸ್ಕಿಯವರಿಗೆ ಬಾನೆಟ್ ಬೇಕಾಗಬಹುದು. ಯಾರೂ ಕೇಳದ್ದು ಗುಜರಿಯ ತಕ್ಕಡಿಗೆ. ಅವಸರಪಟ್ಟು ಇಡೀ ಗಾಡಿ ತೂಕಕ್ಕೆ ಹಾಕಿದರೆ ಲೆಕ್ಕ ಕೆಟ್ಟಿತು.

ಕೊನೆಗೆ ಕಾಗದ: ಬದಲಾದ ಇಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಬಿಚ್ಚಿದ ಗಾಡಿಯ ನೋಂದಣಿಯನ್ನೂ ರದ್ದು ಮಾಡಿಸಬೇಕು.