97 ಸಹಿ, ಒಂದು ಪತ್ರ

ನೊಬೆಲ್ ಅಂದರೆ ಬರೀ ವಶೀಲಿ ಎನ್ನುವ ವಿಮರ್ಶಕರು ನಮ್ಮಲ್ಲಿದ್ದಾರೆ. 1913ರಲ್ಲಿ ರವೀಂದ್ರನಾಥ ಠಾಕೂರರನ್ನು ಗುರುತಿಸಿದ ಸ್ವೀಡಿಷ್ ಅಕಾಡೆಮಿಯ ವಿಶಾಲ ಮನಸ್ಸನ್ನು ಕೊಂಡಾಡುವವರೂ ಇದ್ದಾರೆ. ಆ ವರ್ಷದ ಕಡತ ಬಯಲಿಗೆ ಬಂದು ಎಷ್ಟೋ ಕಾಲವಾಯಿತು. ಎರಡೂ ಪಂಗಡದವರು ಅದನ್ನು ತೆರೆದಂತಿಲ್ಲ.

ಆ ಸಲ ಕಣದಲ್ಲಿದ್ದವರು 28 ಮಂದಿ. ಲಂಡನ್ನಿನ ರಾಯಲ್ ಸೊಸೈಟಿ ಆಫ್ ಲಿಟರೇಚರ್‌ನ 97 ಸದಸ್ಯರು ಥಾಮಸ್ ಹಾರ್ಡಿಯ ಪರ ಸಹಿ ಹಾಕಿದ್ದರು. ಅದೇ ಸಂಸ್ಥೆಯ ಥಾಮಸ್ ಸ್ಟರ್ಜ್ ಮೂರ್ ಒಬ್ಬರೇ ಠಾಕೂರರ ಹೆಸರು ಬರೆದು ಕಳಿಸಿದರು. ವಶೀಲಿಯೇ ಗೆಲ್ಲುವುದಾಗಿದ್ದರೆ ಹಾರ್ಡಿ ಗೆಲ್ಲಬೇಕಿತ್ತು. ಅವರಿಗೆ ಕೊನೆಗೂ ಬರಲಿಲ್ಲ.

ಹಾಗಂತ ಇದು ವಿಶಾಲ ಮನಸ್ಸೂ ಅಲ್ಲ. ಆಯ್ಕೆ ಸಮಿತಿಯ ಒಲವು ಫ್ರೆಂಚ್ ವಿಮರ್ಶಕ ಎಮಿಲ್ ಫಗೆ ಕಡೆಗಿತ್ತು. ಠಾಕೂರರ ಕಾವ್ಯದಲ್ಲಿ ಕವಿಯ ಸ್ವಂತದ್ದೆಷ್ಟು, ಭಾರತೀಯ ಪರಂಪರೆಯದೆಷ್ಟು ಎಂಬ ಅನುಮಾನ ಅಧ್ಯಕ್ಷ ಯೇರ್ನೆಯವರದು. ತಕ್ಕಡಿಯನ್ನು ವಾಲಿಸಿದ್ದು ಕವಿ ಹೈಡೆನ್‌ಸ್ಟಾಮರ ಉತ್ಸಾಹ. (ಮೂರು ವರ್ಷ ಕಳೆದ ಮೇಲೆ ಅದೇ ಅಕಾಡೆಮಿ ತನ್ನ ಸದಸ್ಯರಾದ ಅವರಿಗೂ ಬಹುಮಾನ ಕೊಟ್ಟಿತು. ಅದಿರಲಿ.)

ಯೇರ್ನೆಯವರ ಅನುಮಾನಕ್ಕೆ ಉತ್ತರ ಬೇಕಿದ್ದರೆ ಬಂಗಾಳಿಯನ್ನು ಓದಬೇಕಿತ್ತು. ಪ್ರಶಸ್ತಿಯ ಒಕ್ಕಣೆ ಆ ಕಷ್ಟವನ್ನೇ ತಪ್ಪಿಸಿಕೊಂಡಿದೆ. ಕಾವ್ಯ ಸೂಕ್ಷ್ಮ, ಹೊಸತು, ಸುಂದರ ಎಂದು ಹೊಗಳಿದ ಮೇಲೆ, ಕವಿ ತಮ್ಮದೇ ಇಂಗ್ಲಿಷ್ ಮಾತುಗಳಲ್ಲಿ ತಮ್ಮ ಚಿಂತನೆಯನ್ನು ಪಶ್ಚಿಮದ ಸಾಹಿತ್ಯಕ್ಕೆ ಸೇರಿಸಿದ್ದಾರೆ ಎಂಬುದನ್ನೇ ಅದು ಸಾಧನೆಯಾಗಿ ಎಣಿಸುತ್ತದೆ. ಅಂದರೆ ಬಹುಮಾನ ಗಿಟ್ಟಿಸಿದ್ದು 1912ರ ಇಂಗ್ಲಿಷ್ ಗೀತಾಂಜಲಿ: ಹಲವು ಬಂಗಾಳಿ ಸಂಕಲನಗಳಿಂದ ಆಯ್ದ 103 ಗದ್ಯರೂಪಗಳು. ಪ್ರಾಸ ಹೋಯಿತು, ಲಯ ಹೋಯಿತು, ಹಾಡೂ ಹೋಯಿತು. ಉಳಿದದ್ದನ್ನು ಯೇಟ್ಸರ ಮುನ್ನುಡಿಯ ಜೊತೆ ಓದಿ ಯುರೋಪು ಒಬ್ಬ ಋಷಿಯನ್ನು ಕಂಡಿತು. ಪರಂಪರೆಯ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಕವಿಯನ್ನು ತಮ್ಮವರ ಪಟ್ಟಿಗೆ ಸೇರಿಸಿಕೊಂಡರು. ಇದನ್ನು ಭಾರತೀಯ ಸಾಹಿತ್ಯಕ್ಕೆ ಸಂದ ಮನ್ನಣೆ ಎಂದು ನೂರು ವರ್ಷ ಬೀಗಿದವರು ನಾವು.

ಅನುವಾದದ ವಿಷಯದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ವಾಸಿ. ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಅಚ್ಚಾದ ಅನುವಾದ ಮಾತ್ರ ಬರಲಿ ಎಂಬ ಕಿರಿದಾದ ಬಾಗಿಲು ಅದರದು, ಆದರೆ ಮುಚ್ಚುಮರೆಯಿಲ್ಲ. 2025ರಲ್ಲಿ 50,000 ಪೌಂಡನ್ನು ಲೇಖಕಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು.

ಇನ್ನು ನೊಬೆಲ್ ಸಿಗದೆ ಕುವೆಂಪು, ಬೇಂದ್ರೆಯವರಿಗೆ ಅನ್ಯಾಯವಾಯಿತು ಎಂಬ ಹಳೆಯ ಅಳಲು. ಹಾಗೆ ಬರೆಯುವವರಲ್ಲಿ ಸಾಹಿತ್ಯದ ಪ್ರಾಧ್ಯಾಪಕರಿಗೆ ಕೊರತೆಯಿಲ್ಲ. ಹೆಸರು ಸೂಚಿಸುವ ಅಧಿಕಾರವನ್ನು ಅಕಾಡೆಮಿ ಪ್ರಾಧ್ಯಾಪಕರಿಗೂ ಕೊಟ್ಟಿದೆ. ಗಡುವು ಜನವರಿ 31. ಯಾರು ಯಾರನ್ನು ಸೂಚಿಸಿದರು ಎಂಬ ಗುಟ್ಟು 50 ವರ್ಷಕ್ಕೆ ಬಯಲಾಗುತ್ತದೆ. ಆ ಇಬ್ಬರೂ ಬದುಕಿದ್ದ ಬಹುಪಾಲು ದಶಕಗಳ ಕಡತಗಳು ಈಗ ತೆರೆದಿವೆ. ನಮ್ಮ ವಿಶ್ವವಿದ್ಯಾಲಯಗಳಿಂದ ಹೋದ ಪತ್ರಗಳೆಷ್ಟು ಎಂದು ಅಲ್ಲಿ ಹುಡುಕಿ, ಆಮೇಲೆ ಸ್ಟಾಕ್‌ಹೋಮನ್ನು ಬೈಯಲಿ.