ವಜ್ರಲೇಪವೆಂಬ ಪಾರಿಭಾಷಿಕ ಶಬ್ದದ ವಿಮರ್ಶೆ

ಯಂತ್ರದ ಅಂಗಗಳು ಬೇಗನೆ ಸವೆಯದಂತೆ ಅವುಗಳ ಮೈಮೇಲೆ ಗಡಸಾದ ಮಿಶ್ರಲೋಹವನ್ನು ಬೆಸುಗೆಯಿಂದ ಕೂಡಿಸುವ ವಿದ್ಯೆಯೊಂದುಂಟು. ಹಾರ್ಡ್‌ಫೇಸಿಂಗ್ ಎಂದು ಅದರ ಇಂಗ್ಲಿಷ್ ಹೆಸರು. ಅದನ್ನು ಕುರಿತು ಕನ್ನಡದಲ್ಲಿ ಬರೆದ ಕೈಪಿಡಿಯೊಂದರ ಹಸ್ತಪ್ರತಿಯು ಕೆಲವು ವರ್ಷಗಳ ಹಿಂದೆ ಭಾಷಾಪರಿಷ್ಕಾರಕ್ಕಾಗಿ ನನ್ನಲ್ಲಿಗೆ ಬಂದಿತ್ತು. ಗ್ರಂಥಕರ್ತರು ‘ಕಠಿನಲೇಪನ’ವೆಂದು ಬರೆದಿದ್ದುದನ್ನು ಹೊಡೆದುಹಾಕಿ ‘ವಜ್ರಲೇಪ’ವೆಂದು ತಿದ್ದಿದವನು ನಾನೇ. ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿಯೇ ಒಂದು ಅಧ್ಯಾಯವಿರುವುದರಿಂದ ಶಾಸ್ತ್ರಸಮ್ಮತವಾದ ಶಬ್ದವು ದೊರೆಯಿತೆಂದು ಆಗ ಹಿಗ್ಗಿದ್ದೆನು. ಆ ತಿದ್ದುಪಡಿಯು ತಪ್ಪೆಂದು ಈಗ ನಿಶ್ಚಯವಾಗಿರುವುದರಿಂದ ಕಾರಣಗಳನ್ನು ವಿದ್ವಾಂಸರ ಮುಂದಿಡುತ್ತೇನೆ.

ಮೊದಲು ಆಕರವನ್ನೇ ನೋಡೋಣ. ವರಾಹಮಿಹಿರನು ಹೇಳುವ ವಜ್ರಲೇಪವು ಎಳೆಯ ತೂಬರೆಕಾಯಿ, ಬೇಲದಕಾಯಿ, ಬೂರುಗದ ಹೂ ಮೊದಲಾದುವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲೊಂದು ಪಾಲಿಗೆ ಇಳಿಸಿ, ಅಂಟುಗಳನ್ನು ಬೆರಸಿದ ಕಲ್ಕ. ಅದನ್ನು ದೇವಾಲಯ, ಪ್ರತಿಮೆ, ಗೋಡೆಗಳಿಗೆ ಬಿಸಿಯಾಗಿ ಬಳಿಯತಕ್ಕುದು. ಅದೇ ಅಧ್ಯಾಯದಲ್ಲಿ ಸೀಸ ಎಂಟು ಪಾಲು, ಕಂಚು ಎರಡು, ಹಿತ್ತಾಳೆ ಒಂದು ಸೇರಿದ, ಮಯಪ್ರೋಕ್ತವಾದ ಲೋಹಯೋಗವೊಂದಿದೆ. ಆಚಾರ್ಯನು ಇದನ್ನು ಲೇಪವೆನ್ನಲಿಲ್ಲ, ‘ವಜ್ರಸಂಘಾತ’ವೆಂದನು. ಲೋಹದ ಪ್ರಸಕ್ತಿ ಬಂದೊಡನೆ ಅವನು ಶಬ್ದವನ್ನು ಬದಲಿಸಿದುದನ್ನು ಗಮನಿಸದೆ ಹೋದೆನು. ಹಾಗೆಂದು ಸಂಘಾತವನ್ನೇ ಈಗ ಎತ್ತಿಕೊಳ್ಳೋಣವೆಂದರೆ ಅದೂ ಸಲ್ಲದು. ಅದು ಸಂಧಿಗಳನ್ನು ಹಿಡಿಸುವ ಗಾರೆಯ ಜಾತಿಯದು. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸುವ ಆತುರದಿಂದ ಪ್ರಾಚೀನರ ಶಬ್ದವಿವೇಕವನ್ನೇ ನಾವು ಕೆಡಿಸುತ್ತೇವೆ.

ಇನ್ನು ವಸ್ತುಸ್ಥಿತಿ. ಕೆಲಸ ನಡೆಯುವ ಎಡೆಯಲ್ಲಿ ನಿಂತು ನೋಡಿದ ಮೇಲೆಯೇ ನನಗಿದು ತಿಳಿದುದು. ವಿದ್ಯುಚ್ಚಾಪದ ಉರಿಯಲ್ಲಿ ಕರಗಿ ಬೀಳುವ ಕಡ್ಡಿಯ ಲೋಹವು ಒಂದೇ ಅಲ್ಲ, ಅಡಿಯ ಉಕ್ಕಿನ ಮೇಲ್ಮೈಯೂ ಕರಗಿ ಅದರೊಡನೆ ಕಲೆಯುತ್ತದೆ. ಮೊದಲನೆಯ ಪದರದಲ್ಲಿ ಅಡಿಲೋಹದ ಪಾಲು ನೂರಕ್ಕೆ 20ರಿಂದ 30ರವರೆಗೂ ಇರುವುದುಂಟು. ಆದುದರಿಂದ ಆ ಪದರವು ಕಡ್ಡಿಯ ಲೋಹವೂ ಅಲ್ಲ, ಅಡಿಯ ಲೋಹವೂ ಅಲ್ಲ; ಗಡಸು ಪೂರ್ಣವಾಗಿ ಬರಬೇಕಾದರೆ ಎರಡನೆಯದು ಬೇಕಾಗುತ್ತದೆ. ಕ್ರೋಮಿಯಂ ಕಾರ್ಬೈಡಿನ ಪದರಗಳನ್ನಾದರೋ ಎರಡು ಮೂರಕ್ಕೆ ಮೀರಿ ಹೇರಿದರೆ ಚಕ್ಕೆಯೇಳುವ ಭಯವಿದೆ. ತಣಿಯುವಾಗ ಅವು ಅಡ್ಡಡ್ಡಲಾಗಿ ಸೀಳುವುದು ಸಹಜ. ಅಡಿಯೊಡನೆ ಬೆಸೆದಿರುವುದರಿಂದ ಕಳಚಿ ಬೀಳುವುದಿಲ್ಲ. ‘ಲೇಪ’ವೆಂದು ಓದಿದವನು ಈ ಸೀಳನ್ನು ಕಂಡು ಕೆಲಸ ಕೆಟ್ಟಿತೆಂದು ತಿಳಿಯುವನು; ದಪ್ಪನಾಗಿ ಬಳಿದಷ್ಟೂ ಬಾಳಿಕೆಯೆಂದೂ ಭಾವಿಸುವನು. ಆ ಕೈಪಿಡಿಯಿಂದ ಪಾಠಹೇಳಿದ ಉಪಾಧ್ಯಾಯರೊಬ್ಬರು, ಅಡಿಯ ಲೋಹವು ಇದ್ದಂತೆಯೇ ಇರುವುದೆಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಬರೆದುದನ್ನು ನನಗೆ ತೋರಿಸಿದರು. ತಪ್ಪು ಹುಡುಗರದಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ಧಾತುಪಾಠದಲ್ಲಿ ಲಿಪ್ ಧಾತುವಿಗೆ ಉಪದೇಹವೆಂಬ ಅರ್ಥವಿದೆ. ಉಪದೇಹವೆಂದರೆ ಮೈಮೇಲಣ ವೃದ್ಧಿ. ಆದುದರಿಂದ ಲೇಪಶಬ್ದವು ಒಪ್ಪುವುದೆನ್ನಬಹುದು. ಯೋಗಾರ್ಥವು ಹಾಗಿರಲಿ, ರೂಢಿಯು ಬಲವತ್ತರವಲ್ಲವೆ? ಚಂದನಲೇಪ, ಗೋಮಯಲೇಪ ಎಂಬಲ್ಲಿ ಲೇಪವು ತೊಳೆದರೆ ಹೋಗುವ ಆಗಂತುಕವಸ್ತು. ವೇದಾಂತಿಗಳು ಆತ್ಮನನ್ನು ನಿರ್ಲೇಪನೆನ್ನುವಾಗಲೂ ಲೇಪವೆಂದರೆ ಸ್ವರೂಪವನ್ನು ಮುಟ್ಟದ ಹೊರಸೋಂಕೇ ಸರಿ. ಬೆಸೆದ ಲೋಹದಲ್ಲಾದರೋ ಅಡಿಯ ಸ್ವರೂಪವೇ ಬದಲಾಗಿದೆ.

ಅಚ್ಚಗನ್ನಡದ ಕಡೆಗೆ ತಿರುಗಿದರೆ ಸಂಪತ್ತು ಕೈಯಲ್ಲೇ ಇದೆ. ಸವೆತವೊಂದನ್ನೇ ತೆಗೆದುಕೊಳ್ಳಿರಿ. ಹಸ್ತಪ್ರತಿಯಲ್ಲಿ ಎಲ್ಲೆಡೆಯೂ ‘ಘರ್ಷಣೆ’ಯೆಂದಿತ್ತು. ಲೋಹಕ್ಕೆ ಲೋಹ ಉಜ್ಜುವುದು ಬೇರೆ, ಮರಳು ತರಚುವುದು ಬೇರೆ, ಹರಿಯುವ ಕಣಗಳು ಕೊರೆಯುವುದು ಬೇರೆ. ಒಂದೊಂದಕ್ಕೂ ಬೇರೆ ಮಿಶ್ರಲೋಹವನ್ನು ಆರಿಸಬೇಕು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದಂದಿನಿಂದ ಕಬ್ಬನ್ನು ಅರೆಯುವ ದೊಡ್ಡ ಉರುಳೆಗಳು ನಮ್ಮವರಿಗೆ ಪರಿಚಿತವಷ್ಟೆ. ಕಬ್ಬಿನೊಡನೆ ಬರುವ ಮಣ್ಣು ಮರಳು ಅವುಗಳ ಹಲ್ಲುಗಳನ್ನು ತರಚುತ್ತದೆ. ಇಂತಹ ಉರುಳೆಗಳ ಹಲ್ಲಿನ ಮೇಲೆ ಕ್ರೋಮಿಯಂ ಕಾರ್ಬೈಡಿನ ಕಡ್ಡಿಯಿಂದ ಹನಿಹನಿಯಾಗಿ ಬೆಸುಗೆಯಿಡುತ್ತಾರೆ. ಉರುಳೆ ತಿರುಗುತ್ತಿರುವಾಗಲೂ ಇಡುವುದುಂಟು. ಆ ಒರಟು ಹನಿಗಳು ಹಲ್ಲನ್ನು ಕಾಯುವುದಲ್ಲದೆ ಜಾರುವ ಕಬ್ಬನ್ನು ಕಚ್ಚಿ ಒಳಕ್ಕೆಳೆಯುವುವು. ಇದನ್ನು ಲೇಪವೆಂದು ಯಾವ ಬಾಯಿಂದ ಹೇಳುವುದು?

‘ಗಡಸು ಬೆಸುಗೆ’ಯೆಂದರೆ ಹಿತ್ತಾಳೆ ಬೆಳ್ಳಿಗಳಿಂದ ಎರಡು ತುಂಡುಗಳನ್ನು ಕೂಡಿಸುವ ಬೆಸುಗೆಯೆಂದು ಭ್ರಾಂತಿಯಾದೀತು. ‘ವಜ್ರಬೆಸುಗೆ’ ಅರಿಸಮಾಸ. ‘ಗಡಸು ಮೇಲ್ಬೆಸುಗೆ’ಯೆಂಬುದು ಕ್ರಿಯೆ, ಗುಣ, ಸ್ಥಾನ ಮೂರನ್ನೂ ಹೇಳುವುದರಿಂದ ಅದೇ ಯುಕ್ತವೆಂದು ತೋರುತ್ತದೆ. ಅಮೆರಿಕದ ಎಲ್‌ವುಡ್ ಹೇನ್ಸ್ ಎಂಬವರು ಕೋಬಾಲ್ಟ್ ಮತ್ತು ಕ್ರೋಮಿಯಂಗಳ ಮಿಶ್ರಲೋಹಕ್ಕೆ 1907ರಲ್ಲಿ ಸ್ವಾಮ್ಯಪತ್ರವನ್ನು ಪಡೆದು, ಅದರ ಹೊಳಪಿಗೆ ಮೆಚ್ಚಿ ನಕ್ಷತ್ರವಾಚಿಯಾದ ಲ್ಯಾಟಿನ್ ಶಬ್ದದಿಂದ ಸ್ಟೆಲ್ಲೈಟ್ ಎಂದು ಹೆಸರಿಟ್ಟರು. ಆ ಲ್ಯಾಟಿನ್ ಶಬ್ದವು ವೇದದ ‘ಸ್ತೃ’ ಶಬ್ದಕ್ಕೆ ಬಂಧು. ಆದರೂ ಅದನ್ನು ‘ತಾರಾಲೋಹ’ವೆಂದು ತಿದ್ದುವ ಚಾಪಲ್ಯವನ್ನು ಈ ಸಲ ತಡೆದುಕೊಂಡಿದ್ದೇನೆ, ಅಂಗಡಿಯಲ್ಲಿ ಕೇಳುವ ಹೆಸರು ಪುಸ್ತಕದಲ್ಲಿಯೂ ಇರಬೇಕು.

ಹಸ್ತಪ್ರತಿಯನ್ನು ಮರಳಿ ತರಿಸಿಕೊಂಡು ನಾನು ಕೆಡಿಸಿದ ಎಡೆಗಳನ್ನು ಸರಿಪಡಿಸಿ ಕಳುಹಿಸಿರುತ್ತೇನೆ. ಲೋಹದ ಹುಡಿಯನ್ನು ಉರಿಯಿಂದ ಸಿಂಪಡಿಸುವ ಪ್ರಕರಣದಲ್ಲಿ, ಅಡಿಯ ಲೋಹವು ಸಾಮಾನ್ಯವಾಗಿ ಕರಗದೆ ಮೇಲಣ ಪದರವು ಹಿಡಿದುಕೊಂಡು ಮಾತ್ರ ಇರುವುದರಿಂದ, ಗ್ರಂಥಕರ್ತರ ‘ಲೇಪನ’ವನ್ನೇ ಉಳಿಸಿದ್ದೇನೆ.